ಜ್ಞಾನ ಚೌಪಡ್: ಪಣವಿಲ್ಲದ ಪಗಡೆಯ ಇತಿಹಾಸ

ಗೃಹಸ್ಥನು ತ್ಯಜಿಸಬೇಕಾದ ಸಪ್ತವ್ಯಸನಗಳಲ್ಲಿ ಮೊದಲು ಹೆಸರಿಸಲ್ಪಡುವುದು ದ್ಯೂತ. ಮದ್ಯ, ಮಾಂಸ, ಬೇಟೆ, ಕಳವುಗಳೆಲ್ಲ ಅದರ ನಂತರ ಬರುತ್ತವೆ. ಜೂಜಿನ ಸ್ವರೂಪವನ್ನು ವಿಚಾರಿಸಿದರೆ ಈ ಕ್ರಮವು ಉಚಿತವೆಂದೇ ತೋರುತ್ತದೆ. ಪಣದ ಆಸೆಯಿಂದ ಲೋಭ, ಸೋಲಿನಿಂದ ಕ್ರೋಧ, ಗೆಲವಿನಿಂದ ಮಾನ, ಕೈಚಳಕದ ಮೋಸದಿಂದ ಮಾಯೆ ಹುಟ್ಟುತ್ತವೆ. ನಾಲ್ಕು ಕಷಾಯಗಳೂ ಒಂದೇ ಹಾಸಿನ ಮೇಲೆ ಕೂಡಿಕೊಳ್ಳುತ್ತವೆ. ಹೀಗಿದ್ದರೂ ರಾಜಸ್ಥಾನ ಮತ್ತು ಗುಜರಾತಿನ ಜೈನ ಕುಟುಂಬಗಳು ಕವಡೆ ಎಸೆದು ಆಡುವ ಒಂದು ಆಟವನ್ನು ಪರ್ಯುಷಣ ಪರ್ವದ ದಿನಗಳಲ್ಲಿಯೇ ಆಡುತ್ತಿದ್ದವು. ಆ ಆಟವೇ ಜ್ಞಾನ ಚೌಪಡ್. ಇಂದು ಮಕ್ಕಳು ಆಡುವ ಹಾವು-ಏಣಿಯಾಟವು ಇದರ ವಂಶದ್ದು.

ಬಟ್ಟೆಯ ಅಥವಾ ಕಾಗದದ ಮೇಲೆ ಬರೆದ ಜೈನ ಪಟದಲ್ಲಿ ಸಾಮಾನ್ಯವಾಗಿ 84 ಮನೆಗಳು. ಈ ಸಂಖ್ಯೆಯು ಜೀವನು ಅಲೆಯುವ 84 ಲಕ್ಷ ಯೋನಿಗಳನ್ನು ನೆನಪಿಗೆ ತರುತ್ತದೆ. ಕೆಳಗೆ ನರಕಗಳು, ಮೇಲೇರಿದಂತೆ ಸ್ವರ್ಗಗಳು, ತುತ್ತತುದಿಯಲ್ಲಿ ಮಂಟಪದಾಕಾರದ ಸಿದ್ಧಶಿಲೆ. ನಡುವಣ ಮನೆಗಳಲ್ಲಿ ಗುಣದೋಷಗಳ ಹೆಸರುಗಳು. ಸದ್ಗುಣದ ಮನೆಗೆ ಬಂದವನಿಗೆ ಏಣಿ, ದೋಷದ ಮನೆಗೆ ಬಂದವನಿಗೆ ಹಾವು. ಇಲ್ಲಿ ಆಡುವವನ ಕಾಯಿ ಕೇವಲ ಗುರುತಾಗಿರದೆ ಅವನದೇ ಜೀವದ ಪ್ರತಿನಿಧಿಯಾಗುತ್ತದೆ. ಅವನು ಒಂದು ಸಂಜೆಯ ಮಟ್ಟಿಗೆ ಸಂಸಾರಿ ಜೀವದ ಪಾತ್ರವನ್ನು ಧರಿಸಿ ಹುಟ್ಟುಸಾವುಗಳ ನಡುವೆ ಏರಿಳಿಯುತ್ತಾನೆ. ಕವಡೆ ಉಳಿಯಿತು, ಪಣ ಹೋಯಿತು. ಗಳಿಸಬೇಕಾದ ಧನದ ಸ್ಥಾನದಲ್ಲಿ ಸೇರಬೇಕಾದ ಸಿದ್ಧಶಿಲೆ ಬಂದಿತು. ವ್ಯಸನವಾಗಬಹುದಾಗಿದ್ದುದು ಹೀಗೆ ಸ್ವಾಧ್ಯಾಯಕ್ಕೆ ನೆರವಾಯಿತು.

ಈ ಆಟವನ್ನು ತಮ್ಮ ಅಭಿರುಚಿಗೆ ಒಗ್ಗಿಸಿಕೊಂಡವರು ಜೈನರು ಮಾತ್ರವಲ್ಲ. ವೈಷ್ಣವ ಪಟಗಳಲ್ಲಿ 72 ಮನೆಗಳಿದ್ದವು. ಸೂಫಿ ಸಂಪ್ರದಾಯದ ಪಟಗಳು ನೂರರ ಆಸುಪಾಸಿನ ಮನೆಗಳನ್ನು ಪಡೆದವು. ದಕ್ಷಿಣದಲ್ಲಿ ಪರಮಪದ ಸೋಪಾನವೆಂಬ ಹೆಸರಿನಿಂದ ವೈಕುಂಠ ಏಕಾದಶಿಯ ಜಾಗರಣೆಗೆ ಜೊತೆಯಾಯಿತು. ಆಯಾ ಸಮುದಾಯವು ಮನೆಗಳ ಹೆಸರನ್ನೂ ತುದಿಯ ಪದವನ್ನೂ ಬದಲಿಸಿಕೊಂಡರೂ, ಏರಿಕೆಗೂ ಬೀಳಿಕೆಗೂ ಕಾರಣವಿದೆ ಎಂಬ ಮೂಲತತ್ತ್ವವನ್ನು ಯಾರೂ ಕೈಬಿಡಲಿಲ್ಲ.

ಜೈನ ಶಾಸ್ತ್ರದಲ್ಲಿ ಈ ತತ್ತ್ವವು ಬಹು ಸೂಕ್ಷ್ಮವಾಗಿ ನಿರೂಪಿತವಾಗಿದೆ. ಹದಿನಾಲ್ಕು ಗುಣಸ್ಥಾನಗಳಲ್ಲಿ ಹನ್ನೊಂದನೆಯದಾದ ಉಪಶಾಂತಮೋಹವನ್ನು ಮುಟ್ಟಿದ ಸಾಧಕನು ಅಲ್ಲಿಂದ ಜಾರಲೇಬೇಕು. ಮೋಹನೀಯ ಕರ್ಮವನ್ನು ಅವನು ಅಡಗಿಸಿದ್ದಾನೆಯೇ ಹೊರತು ಕ್ಷಯಗೊಳಿಸಿಲ್ಲ. ಅಡಗಿದ್ದುದು ಮತ್ತೆ ಉದಯಕ್ಕೆ ಬರುತ್ತದೆ. ಅವನು ಮಿಥ್ಯಾತ್ವದವರೆಗೂ ಇಳಿದುಬಿಡಬಹುದು. ಕ್ಷಪಕ ಶ್ರೇಣಿಯನ್ನು ಏರುವವನಾದರೋ ಹನ್ನೊಂದನೆಯದನ್ನು ಮುಟ್ಟದೆ ಹತ್ತರಿಂದ ನೇರವಾಗಿ ಹನ್ನೆರಡಕ್ಕೆ ಸಾಗುತ್ತಾನೆ. ತುದಿಯ ಸಮೀಪದಲ್ಲಿಯೇ ಉದ್ದನೆಯ ಹಾವು ಏಕಿರಬೇಕೆಂದು ಕೇಳುವ ಬಾಲಕನಿಗೆ ಇದಕ್ಕಿಂತ ಸಮರ್ಪಕವಾದ ಉತ್ತರವು ದೊರೆಯಲಾರದು.

ಆಟವನ್ನು ಒಗ್ಗಿಸಿಕೊಳ್ಳುವ ಮತ್ತೊಂದು ಬಗೆಗೆ ಕನ್ನಡ ನಾಡೇ ಸಾಕ್ಷಿ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868), 1831ರಲ್ಲಿ ಆಡಳಿತವು ಬ್ರಿಟಿಷರ ಕೈಸೇರಿದ ತರುವಾಯ, ಕಲೆ ಮತ್ತು ಕ್ರೀಡೆಗಳಿಗೆ ಅಪಾರ ಶ್ರಮವನ್ನು ವಿನಿಯೋಗಿಸಿದರು. ಅವರ ಆಶ್ರಯದಲ್ಲಿ ಸಿದ್ಧವಾದ ಶ್ರೀತತ್ತ್ವನಿಧಿಯ ಕೌತುಕನಿಧಿ ಭಾಗದಲ್ಲಿ ಆಟಗಳ ವಿವರಗಳಿವೆ. ಮೊಗಲರ ಗಂಜೀಫಾದಲ್ಲಿ 96 ಎಲೆಗಳು, ದಶಾವತಾರ ಗಂಜೀಫಾದಲ್ಲಿ 120 ಎಲೆಗಳು. ಮುಮ್ಮಡಿಯವರ ಛದಗಳಲ್ಲಿ ಕೆಲವು 360 ಎಲೆಗಳವರೆಗೆ ಬೆಳೆದವು. ದೇವತೆಗಳೂ ಗ್ರಹಗಳೂ ಪುರಾಣಪುರುಷರೂ ಎಲೆಗಳಲ್ಲಿ ನೆಲೆಗೊಂಡರು. ಆದರೆ ಆಟವು ಅತಿ ಜಟಿಲವಾದುದರಿಂದ ಬಹುತೇಕ ಅರಮನೆಯ ಆವರಣದಲ್ಲಿಯೇ ಉಳಿಯಿತು. ವಿದ್ವತ್ತಿನ ಭಾರ ಹೆಚ್ಚಾದರೆ ಆಟವು ಜನಸಾಮಾನ್ಯರ ಮನೆಯನ್ನು ಸೇರದು ಎಂಬ ಪಾಠವು ಇದರಲ್ಲಿದೆ.

ಇದಕ್ಕೆ ವಿರುದ್ಧ ದಿಕ್ಕಿನ ಪಾಠವು ಇಂಗ್ಲೆಂಡಿನಿಂದ ಬಂದಿತು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಹಾವು-ಏಣಿಯಾಟವು ಅಲ್ಲಿನ ಮಾರುಕಟ್ಟೆಯನ್ನು ಸೇರಿತು. ಆರಂಭದಲ್ಲಿ ಮಿತವ್ಯಯ, ಪಶ್ಚಾತ್ತಾಪ, ಶ್ರಮಶೀಲತೆಗಳಿಗೆ ಏಣಿಗಳೂ ಆಲಸ್ಯದಂತಹ ದೋಷಗಳಿಗೆ ಹಾವುಗಳೂ ಇದ್ದವು. ಕ್ರಮೇಣ ಹಾವು ಏಣಿಗಳ ಸಂಖ್ಯೆ ಸಮವಾಯಿತು. ಭಾರತದ ಹಳೆಯ ಪಟಗಳಲ್ಲಿ ಹಲವು ಕಡೆ ಹಾವುಗಳೇ ಹೆಚ್ಚಾಗಿದ್ದವು, ಏಕೆಂದರೆ ಮುಕ್ತಿಯ ದಾರಿ ಸುಲಭವಲ್ಲ. ಬಳಿಕ ನೀತಿಯ ಹೆಸರುಗಳೂ ಅಳಿಸಿಹೋಗಿ ಬರಿಯ ಅಂಕಿಗಳು ಉಳಿದವು. 1943ರಲ್ಲಿ ಅಮೆರಿಕದಲ್ಲಿ ಹೊರಬಂದ ಆವೃತ್ತಿಯಲ್ಲಿ ಹಾವಿನ ಬದಲು ಮಕ್ಕಳ ಜಾರುಬಂಡೆ ಕಾಣಿಸಿಕೊಂಡಿತು. ಒಂದೊಂದು ಬದಲಾವಣೆಯೂ ಆಡುವವರಿಗೆ ಹಿತವಾಗಲೆಂದೇ ಆದುದು. ಎಲ್ಲವೂ ಸೇರಿ ಆಟದ ಅರ್ಥವನ್ನು ಮಸುಕಾಗಿಸಿದವು.

ಇಂದು ಬೆಂಗಳೂರಿನ ಯಲಹಂಕ, ರಾಜಾನುಕುಂಟೆಯಂತಹ ಕಡೆಗಳ ಮನೆಗಳಲ್ಲಿಯೂ ಮಕ್ಕಳ ಕೈಗೆ ಸಿಗುವುದು ಒಂದು ಬದಿ ಲೂಡೋ, ಇನ್ನೊಂದು ಬದಿ ಅಂಕಿಗಳ ಹಾವು-ಏಣಿಯಿರುವ ಅಚ್ಚಿನ ಹಾಳೆ. 98ರ ಮನೆಯಿಂದ ಕೆಳಗೆ ಜಾರಿದ ಮಗುವಿಗೆ ತಾನು ಜಾರಿದುದೇಕೆ ಎಂಬುದು ತಿಳಿಯದು. ಅದೃಷ್ಟವನ್ನು ಹಳಿದು ಮತ್ತೆ ದಾಳವನ್ನು ಎಸೆಯುತ್ತದೆ. ಕರ್ಮಸಿದ್ಧಾಂತವನ್ನು ನಂಬಿದ ಮನೆಯಲ್ಲಿ ಇದು ಚಿಕ್ಕ ನಷ್ಟವಲ್ಲ. ದಾಳದ ಅಂಕಿಯು ಪೂರ್ವಕರ್ಮದ ಉದಯದಂತೆ ಬರುವುದಾದರೂ, ಉದಯಕ್ಕೆ ಬಂದುದನ್ನು ಸಮಭಾವದಿಂದ ಎದುರಿಸುವುದು ಜೀವನ ಪುರುಷಾರ್ಥ. ಹಿರಿಯರು ಪಕ್ಕದಲ್ಲಿ ಕುಳಿತು ಇದನ್ನು ವಿವರಿಸಿದಾಗ ಮಾತ್ರ ಪಟವು ಪಾಠವಾಗುತ್ತದೆ.

ಬಸದಿಗಳ ಆಡಳಿತ ಮಂಡಳಿಗಳಿಗೆ ಇದು ದೊಡ್ಡ ವೆಚ್ಚದ ಕಾರ್ಯವಲ್ಲ. ದಶಲಕ್ಷಣ ಪರ್ವದ ಹತ್ತು ಧರ್ಮಗಳನ್ನು ಹತ್ತು ಏಣಿಗಳನ್ನಾಗಿಸಿ, ಕಷಾಯಗಳನ್ನೂ ವ್ಯಸನಗಳನ್ನೂ ಹಾವುಗಳನ್ನಾಗಿಸಿ, ಕನ್ನಡದಲ್ಲಿ ಒಂದು ಪಟವನ್ನು ಬರೆಯಿಸಿ ಪಾಠಶಾಲೆಯ ಮಕ್ಕಳ ಮುಂದೆ ಹಾಸಬಹುದು. ಉತ್ತಮ ಕ್ಷಮೆಯಿಂದ ಏರಿದ ಮಗು, ಮಾನದಿಂದ ಜಾರಿದ ಮಗು, ಎರಡೂ ಕಾರಣವನ್ನು ಬಾಯಿಬಿಟ್ಟು ಓದಲಿ. ಬಣ್ಣವನ್ನು ಬದಲಿಸಬಹುದು, ಮನೆಗಳನ್ನು ಕೂಡಿಸಬಹುದು, ಕಳೆಯಬಹುದು. ಬಿದ್ದವನು ತಾನೇಕೆ ಬಿದ್ದೆನೆಂಬುದನ್ನು ಅರಿಯುವ ಅವಕಾಶವನ್ನು ಮಾತ್ರ ಕಳೆಯಬಾರದು.