ಬರಲಿರುವ ಆಟಕ್ಕೆ ಈಗಲೇ ಹಣ

2006ರ ಏಪ್ರಿಲ್‌ನಲ್ಲಿ ಬೆಥೆಸ್ಡಾ ಕಂಪನಿ ‘ಆಬ್ಲಿವಿಯನ್’ ವಿಡಿಯೊ ಗೇಮ್‌ಗೆ ಕುದುರೆ ಕವಚವೊಂದನ್ನು ಮಾರಾಟಕ್ಕಿಟ್ಟಿತು. ಬೆಲೆ ಎರಡೂವರೆ ಡಾಲರ್. ಕುದುರೆಗೆ ಹೊಳೆಯುವ ಉಕ್ಕಿನ ಹೊದಿಕೆ ಬಂತು. ಕಥೆ ಮಾತ್ರ ಒಂದು ಹೆಜ್ಜೆಯೂ ಮುಂದೆ ಹೋಗಲಿಲ್ಲ. ಆಟಗಾರರು ರೇಗಿದರು. ಆದರೂ ಆಗ ಕೊಳ್ಳುವ ವಸ್ತು ಕಣ್ಣೆದುರಿಗಾದರೂ ಇತ್ತು.

2011ರಲ್ಲಿ ‘ಎಲ್.ಎ. ನ್ವಾರ್’ ಪತ್ತೇದಾರಿ ಆಟದ ಜೊತೆ ರಾಕ್‌ಸ್ಟಾರ್ ಕಂಪನಿ ಒಂದು ಪಾಸ್ ತಂದಿತು: ಮುಂದೆ ಬರುವ ಪ್ರಕರಣಗಳಿಗೆ ಒಟ್ಟಾಗಿ ಮೊದಲೇ ಪಾವತಿ, ಬಿಡಿಯಾಗಿ ಕೊಳ್ಳುವುದಕ್ಕಿಂತ ಅಗ್ಗ. ‘ಸೀಸನ್ ಪಾಸ್’ ಪದ್ಧತಿ ಬೇರೂರಿದ್ದು ಹೀಗೆ.

ಅದರ ಎರಡೂ ಮುಖ ಕಂಡದ್ದು 2015ರಲ್ಲಿ. ‘ವಿಚರ್ 3’ರ ಪಾಸ್ 25 ಡಾಲರ್, ಕೊಡುವುದು ಎರಡು ವಿಸ್ತರಣೆ ಎಂದು ಪೋಲೆಂಡಿನ ಸಿಡಿ ಪ್ರಾಜೆಕ್ಟ್ ಮೊದಲೇ ಹೇಳಿತ್ತು. ಅವುಗಳಲ್ಲಿ ಮರುವರ್ಷ ಬಂದ ‘ಬ್ಲಡ್ ಆ್ಯಂಡ್ ವೈನ್’ ದ್ರಾಕ್ಷಿತೋಟಗಳ ಹೊಸ ನಾಡನ್ನೇ ತೆರೆದಿಟ್ಟಿತು. ಕೊಟ್ಟ ದುಡ್ಡಿಗೆ ನಿಜವಾಗಿಯೂ ಬೆಲೆ ಬಂದದ್ದು ಇಲ್ಲಿ. 2015ರ ಜೂನ್‌ನಲ್ಲೇ ‘ಬ್ಯಾಟ್‌ಮನ್: ಆರ್ಕಮ್ ನೈಟ್’ ಬಂತು, ಪಾಸ್‌ಗೆ 40 ಡಾಲರ್. ಕಂಪ್ಯೂಟರ್ ಆವೃತ್ತಿ ಎಷ್ಟು ಕೆಟ್ಟಿತ್ತೆಂದರೆ ಕೆಲವೇ ದಿನಗಳಲ್ಲಿ ಅದರ ಮಾರಾಟ ನಿಂತಿತು. ಮೂಲ ಆಟವೇ ಓಡದವನಿಗೆ ವಿಸ್ತರಣೆ ಏತಕ್ಕೆ?

ಮುಂಗಡ ಕೊಟ್ಟವರು ಗೆದ್ದದ್ದೂ ಉಂಟು. ‘ಫಾಲ್‌ಔಟ್ 4’ರ ಪಾಸ್ 2016ರ ಮಾರ್ಚ್‌ನಲ್ಲಿ 30ರಿಂದ 50 ಡಾಲರ್‌ಗೆ ಏರಿತು, ಮೊದಲೇ ಕೊಂಡವರಿಗೆ ಹಳೆಯ ದರದಲ್ಲೇ ಎಲ್ಲವೂ ಸಿಕ್ಕಿತು. ಆದರೆ ಏನು ಕೊಡುತ್ತೇವೆಂದು ಹೇಳದ ಪಾಸ್‌ಗೆ ಹಣ ಕಟ್ಟುವುದು ಸಾಲ ಕೊಟ್ಟಂತೆಯೇ, ಅದೂ ಬಡ್ಡಿಯಿಲ್ಲದೆ.

2024ರ ಕೊನೆಯಲ್ಲಿ ಆನ್‌ಲೈನ್ ಗೇಮ್ ಮಳಿಗೆ ಸ್ಟೀಮ್ ಪಾಸ್‌ಗಳ ನಿಯಮ ಬಿಗಿಗೊಳಿಸಿತು. ಪಾಸ್‌ನಲ್ಲಿ ಏನೇನಿದೆ, ಯಾವಾಗ ಬರುತ್ತದೆ ಎಂದು ಕಂಪನಿಗಳು ಮೊದಲೇ ತಿಳಿಸಬೇಕು. ಭಾಗವೊಂದನ್ನು ರದ್ದು ಮಾಡಿದರೆ ಅದರ ಹಣ ಗ್ರಾಹಕರಿಗೆ ಮರಳಬೇಕು.