ಊದು, ಅಗರು, ಖರ್ಜೂರ: ಆದವಾನಿ ಸೀಮೆಯ ರಂಜಾನ್ ಊಟ ಮತ್ತು ಮನೆಯ ಪರಿಮಳ

ತುಂಗಭದ್ರೆಯ ದಡದ ನಾಗಲದಿನ್ನೆಯಿಂದ ಆದವಾನಿಯವರೆಗಿನ (ಇಂದಿನ ಆದೋನಿ) ಪಶ್ಚಿಮ ಕರ್ನೂಲು ಸೀಮೆಯಲ್ಲಿ ತೆಲುಗು, ಕನ್ನಡ, ದಖ್ಖನಿ ಉರ್ದು ಮೂರೂ ನಿತ್ಯದ ಮಾತುಗಳು. ರಂಜಾನ್ ತಿಂಗಳಲ್ಲಿ ದಖ್ಖನಿ ಮುಸ್ಲಿಮರ ಮನೆಗಳಲ್ಲಿ ಸಂಜೆ ಹಾಸುವ ದಸ್ತರ್‌ಖಾನ್ ಮೇಲೆ ಖರ್ಜೂರ, ಹಣ್ಣು, ಸಮೋಸ, ಕಾಮಕಸ್ತೂರಿ ಬೀಜ ನೆನೆಸಿದ ಷರಬತ್ತು. ಹಬ್ಬದ ಬೆಳಗಿಗೆ ಶೀರ್ ಖುರ್ಮಾ. ಮನೆಯೊಳಗೆ ಊದಿನ ಹೊಗೆ. ಇವೆಲ್ಲವನ್ನೂ ಅರಬ್ ಪದ್ಧತಿಯ ದೂರದ ಅನುಕರಣೆಯೆಂದು ತಿಳಿಯುವುದು ರೂಢಿ. ಪದಾರ್ಥಗಳ ಮತ್ತು ಪದಗಳ ಜಾಡು ಹಿಡಿದು ನೋಡಿದರೆ ಈ ತಿಳಿವಳಿಕೆ ನಿಲ್ಲುವುದಿಲ್ಲ.

ಖರ್ಜೂರ ಮತ್ತು ನೀರಿನಿಂದ ಉಪವಾಸ ಬಿಡುವುದು ಪ್ರವಾದಿಯವರ ನಡೆಯನ್ನು ಅನುಸರಿಸಿದ ಕ್ರಮ. ಕೊಲ್ಲಿ ದೇಶಗಳ ಅರಬ್ ಮನೆಗಳಲ್ಲಿ ಊಟ ಮುಗಿದ ಬಳಿಕ, ಕೆಂಡದ ಮೇಲೆ ‘ಊದ್’ ಚಕ್ಕೆಯಿಟ್ಟ ಧೂಪಪಾತ್ರೆ ಅತಿಥಿಯಿಂದ ಅತಿಥಿಗೆ ಸಾಗುತ್ತದೆ. ಊದ್ ಬಂದ ಮೇಲೆ ಕುಳಿತಿರಬಾರದು ಎಂಬ ಅರ್ಥದ ಗಾದೆಯೂ ಅಲ್ಲಿದೆ. ಆದರೆ ಆ ಮರ ಅರೇಬಿಯಾದಲ್ಲಿ ಹುಟ್ಟುವುದಲ್ಲ. ಅಸ್ಸಾಂ ಹಾಗೂ ಆಗ್ನೇಯ ಏಷ್ಯಾದ ಕಾಡುಗಳಲ್ಲಿ, ಶಿಲೀಂಧ್ರ ತಗುಲಿದ ಮರದೊಳಗೆ ಕಟ್ಟುವ ರಾಳಭರಿತ ತಿರುಳು ಅದು. ಸಂಸ್ಕೃತ, ಕನ್ನಡಗಳು ಅದನ್ನು ‘ಅಗರು’ ಎಂದು ಬಲ್ಲವು. ಖರ್ಜೂರವನ್ನು ಪೂರ್ವಕ್ಕೆ ತಂದ ಸಮುದ್ರಮಾರ್ಗವೇ ಅಗರುವನ್ನು ಪಶ್ಚಿಮಕ್ಕೆ ಒಯ್ದಿತು. ಅರಬ್ ಮನೆಯ ಪರಿಮಳವೂ ಪೂರ್ವದೇಶಗಳಿಗೆ ಋಣಿ.

ಈ ಮಾರ್ಗದ ಬಂದರಾದ ಹೊನ್ನಾವರದಲ್ಲಿ 1340ರ ದಶಕದಲ್ಲಿ ತಂಗಿದ್ದ ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತ, ಅಲ್ಲಿಯ ಸುಲ್ತಾನ ಜಮಾಲುದ್ದೀನನ ಜೊತೆ ಉಪವಾಸ ಬಿಡುತ್ತಿದ್ದುದನ್ನು ಅರಬಿಯಲ್ಲಿ ದಾಖಲಿಸಿದ್ದಾನೆ. ಕುಳಿತುಕೊಳ್ಳಲು ಸಣ್ಣ ಪೀಠಗಳು, ತಾಮ್ರದ ತಟ್ಟೆ, ಅನ್ನ, ತುಪ್ಪ, ಮೆಣಸು, ಹಸಿಶುಂಠಿ, ನಿಂಬೆ, ಮಾವುಗಳ ಉಪ್ಪಿನಕಾಯಿ, ಕೊನೆಯಲ್ಲಿ ಮೊಸರು. ಹನ್ನೊಂದು ತಿಂಗಳು ರೊಟ್ಟಿಯನ್ನೇ ಕಾಣದೆ ಅನ್ನ ಉಂಡುದನ್ನೂ ಆತ ಹೇಳುತ್ತಾನೆ. ವ್ರತ ಇಸ್ಲಾಮಿನದು, ಬಡಿಸಿದ್ದು ಕರಾವಳಿಯ ಊಟ.

ಒಳನಾಡಿನ ಕನ್ನಡಕ್ಕೂ ಗಂಧದ ವಿದ್ಯೆ ಹೊಸದಾಗಿರಲಿಲ್ಲ. ಇಮ್ಮಡಿ ಚಾವುಂಡರಾಯನ ‘ಲೋಕೋಪಕಾರ’ (ಸು. 1025) ಅಡುಗೆಯನ್ನೂ ಸುಗಂಧದ್ರವ್ಯಗಳನ್ನೂ ಒಂದೇ ಗ್ರಂಥದಲ್ಲಿ ಕನ್ನಡಕ್ಕೆ ತಂದಿತು. ಕಲ್ಯಾಣದ ಮೂರನೆಯ ಸೋಮೇಶ್ವರನ ಸಂಸ್ಕೃತ ‘ಮಾನಸೋಲ್ಲಾಸ’ ಅನ್ನಭೋಗ, ತಾಂಬೂಲಭೋಗ, ಧೂಪಭೋಗಗಳನ್ನು ಅರಸನ ಸುಖಗಳ ಸಾಲಿನಲ್ಲಿಟ್ಟಿತು. ವಿಜಾಪುರದ ಎರಡನೆಯ ಇಬ್ರಾಹಿಂ ಆದಿಲ್‌ಶಾಹನ (ಆಳ್ವಿಕೆ 1580–1627) ಕಾಲದ ಪಾರಸಿ ಕೃತಿ ‘ಇತ್ರ್-ಇ-ನೌರಸ್‌ಶಾಹಿ’ ಈ ಹಳೆಯ ವಿದ್ಯೆಗೆ ಅರಬಿ-ಪಾರಸಿ ಪರಿಭಾಷೆಯ ಹೊಸ ಉಡುಪು ತೊಡಿಸಿತು. 1568ರಲ್ಲಿ ವಿಜಾಪುರದ ವಶವಾದ ಆದವಾನಿ ಇದೇ ಸಂಸ್ಕೃತಿಯ ಗಡಿಠಾಣ್ಯ. ಮುಂದೆ ಇಲ್ಲಿ ಅಧಿಕಾರ ನಡೆಸಿದ, ಹಬ್ಸಿ ಮೂಲದ ಸಿದ್ದಿ ಮಸೂದ್‌ಖಾನನು ಕಟ್ಟಿಸಿದ ಜಾಮಿಯಾ ಮಸೀದಿ ಊರಿನಲ್ಲಿ ಇಂದಿಗೂ ನಿಂತಿದೆ. ದರ್ಬಾರು ಮುಗಿಯುವಾಗ ಅತ್ತರು-ವೀಳ್ಯ ಕೊಟ್ಟು ಬೀಳ್ಕೊಡುವ ದಖ್ಖನಿನ ಶಿಷ್ಟಾಚಾರದಲ್ಲಿ ಅರಬರ ಊದ್ ಮತ್ತು ಕನ್ನಡಿಗರ ತಾಂಬೂಲ ಎರಡೂ ಒಂದೇ ಕೆಲಸ ಮಾಡಿದವು.

ಮಾತಿನಲ್ಲಿ ಉಳಿದ ಸಾಕ್ಷ್ಯ ಇನ್ನೂ ಗಟ್ಟಿ. ‘ಅಗರಬತ್ತಿ’, ‘ಊದುಬತ್ತಿ’ಗಳು ಒಂದೇ ಮರವನ್ನು ಸಂಸ್ಕೃತದಿಂದಲೂ ಅರಬಿಯಿಂದಲೂ ಹೆಸರಿಸುವ ಜೋಡಿಪದಗಳು. ಇಂದಿನ ಅಗ್ಗದ ಕಡ್ಡಿಯಲ್ಲಿ ಆ ಮರದ ಪುಡಿಯೂ ಇರುವುದಿಲ್ಲ. ಹೆಸರು ಮಾತ್ರ ಉಳಿದಿದೆ. ದೇವರ ಮುಂದೆ ಊದಿನಕಡ್ಡಿ ಹಚ್ಚುವ ಹಿಂದೂ ಗೃಹಿಣಿ ಅರಬಿ ಪದವನ್ನಾಡುತ್ತಿದ್ದೇನೆಂದು ಎಣಿಸುವುದಿಲ್ಲ. ಗಾಳಿಯೂದುವ ‘ಊದು’ ಕ್ರಿಯಾಪದದ ಜೊತೆ ಅದು ಅಷ್ಟು ಸಹಜವಾಗಿ ಬೆರೆತಿದೆ. ಮೊಹರಂನಲ್ಲಿ ಊದು ಹಾಕಿಸಿ ‘ಸಕ್ಕರೆ ಓದಿಸುವ’ ಹಿಂದೂ ಹರಕೆಯಲ್ಲಿ ಫಾತಿಹಾ ಪಠಣವೇ ಅಚ್ಚಗನ್ನಡ ಕ್ರಿಯಾಪದವಾಗಿದೆ.

ಇಂಥ ಪದಗಳಿಗೆ ಆಡಳಿತದ ಗಡಿಗಳು ಕಷ್ಟ ತಂದಿವೆ. 1800ರಲ್ಲಿ ನಿಜಾಮನು ಬಿಟ್ಟುಕೊಟ್ಟ ಆದವಾನಿ ಬಳ್ಳಾರಿ ಜಿಲ್ಲೆಗೆ ಸೇರಿತು; 1953ರ ಅಕ್ಟೋಬರ್ 1ರಂದು ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಹೋದವು. ಹೀಗಾಗಿ ಈ ಊರಿನ ಹಳೆಯ ವಿವರಗಳನ್ನು 1904ರ ಬಳ್ಳಾರಿ ಗೆಜೆಟಿಯರಿನಲ್ಲಿ, ನಂತರದವನ್ನು ಕರ್ನೂಲಿನ ಕಡತಗಳಲ್ಲಿ ಹುಡುಕಬೇಕು. ಕನ್ನಡ ಸಂಶೋಧನೆ ಇಲ್ಲಿಯ ಶಾಸನಗಳನ್ನೂ ಶಾಲೆಗಳನ್ನೂ ಲೆಕ್ಕ ಹಿಡಿದು ಅಡುಗೆಮನೆಯ ಮಾತನ್ನು ಉರ್ದುವಿನದೆಂದು ಬಿಟ್ಟರೆ, ಉರ್ದು ಅಧ್ಯಯನ ಅದನ್ನೇ ಹಳ್ಳಿಯ ಅಪಭ್ರಂಶವೆಂದು ಬದಿಗಿರಿಸಿದರೆ, ಮೂರು ಭಾಷೆಗಳಿಗೂ ಸೇರಿದ ಪದ ಯಾವ ಕೋಶಕ್ಕೂ ಸೇರದೆ ಹೋಗುತ್ತದೆ. ಅಲ್ಪಸಂಖ್ಯಾತ ಭಾಷೆಯ ವಿಸ್ತಾರವನ್ನು ಮಾತೃಭಾಷಿಕರ ಎಣಿಕೆಯೊಂದರಿಂದ ಅಳೆಯಲಾಗದು. ಅನ್ಯರ ಮನೆಯೊಳಗೆ ಅದು ಬಿಟ್ಟ ಪದಗಳೂ, ಅನ್ಯರಿಂದ ಪಡೆದು ತನ್ನದಾಗಿಸಿಕೊಂಡ ಪದಗಳೂ ಆ ಅಳತೆಗೆ ಸೇರಬೇಕು. ಅವನ್ನು ಸಂಗ್ರಹಿಸಬಹುದಾದ ಜಾಗ ಸೂರ್ಯಾಸ್ತದ ಹೊತ್ತಿನ ದಸ್ತರ್‌ಖಾನ್.