ಯಾವ ರೈಡರ್ ಮುಂದೆ ಬರುತ್ತಾನೆ?

ಡಿಗ್ರಿ ಕಾಲೇಜಿನ ಕಬಡ್ಡಿ ತಂಡದಲ್ಲಿ ಒಬ್ಬ ಚುರುಕು ರೈಡರ್ ಇದ್ದಾನೆ ಎನ್ನಿ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯಲ್ಲೋ ಮೊಳಕಾಲ್ಮೂರಿನಲ್ಲೋ ಓದುತ್ತಾನೆ. ದಾವಣಗೆರೆ ವಿಶ್ವವಿದ್ಯಾಲಯದ ಅಂತರ ಕಾಲೇಜು ಪಂದ್ಯಗಳಲ್ಲಿ ಅವನ ಹೆಸರು ಓಡಾಡುತ್ತಿದೆ. ಇವನು ಪ್ರೊ ಕಬಡ್ಡಿಯಲ್ಲಿ ಆಡಬಲ್ಲನೇ? ಪ್ರಶ್ನೆಯೇನೋ ಹಳೆಯದೇ. ಹಿಂದೆ ಇದನ್ನೇ ‘ಇವನಿಗೆ ರೈಲ್ವೆ ಕೆಲಸ ಸಿಕ್ಕೀತೇ’ ಎಂದು ಕೇಳುತ್ತಿದ್ದರು, ಅಷ್ಟೆ. ಉತ್ತರ ಹೇಳುವವರು ಮಾತ್ರ ಬದಲಾಗುತ್ತ ಬಂದಿದ್ದಾರೆ. ಮೊದಲು ಊರ ಹಿರಿಯರು, ಆಮೇಲೆ ಪಿ.ಟಿ. ಮೇಷ್ಟ್ರು, ಆಮೇಲೆ ಬ್ಯಾಂಕು, ರೈಲ್ವೆಯ ಸೆಲೆಕ್ಟರುಗಳು, ಈಗ ಲ್ಯಾಪ್‌ಟಾಪ್ ಮುಂದಿಟ್ಟುಕೊಂಡು ಕೂತ ಹರಾಜಿನವರು. ಇಷ್ಟೆಲ್ಲ ಆದರೂ ನಮ್ಮ ಕಡೆ ಒಂದು ಕೊರತೆ ಹಾಗೇ ಉಳಿದಿದೆ. ಹುಡುಗ ತಂದ ಪಾಯಿಂಟನ್ನು ಎಲ್ಲರೂ ಎಣಿಸುತ್ತಾರೆ, ಬರಿಗೈಲಿ ವಾಪಸು ಬಂದ ರೈಡನ್ನು ಯಾರೂ ಬರೆದಿಡುವುದಿಲ್ಲ.

ತಳಕು, ಬಿ.ಜಿ.ಕೆರೆ, ಹಾನಗಲ್, ರಾಂಪುರ ಎಂದು ಬಳ್ಳಾರಿ ರಸ್ತೆಯುದ್ದಕ್ಕೂ ಹಬ್ಬಿರುವ ಈ ಸೀಮೆ ಶೇಂಗಾ ಬೆಳೆಯುವ ಬಯಲು. ಶೇಂಗಾ ಕಿತ್ತು ಹೊಲ ಖಾಲಿಯಾದ ಮೇಲೆ ಜಾತ್ರೆ, ಹಬ್ಬದ ನೆಪದಲ್ಲಿ ಹೊನಲು ಬೆಳಕಿನ ಪಂದ್ಯಾವಳಿಗಳು ಶುರುವಾಗುತ್ತವೆ. ಅಂಕಣ ಸಿದ್ಧ ಮಾಡುವುದೇ ಒಂದು ದಿನದ ಕೆಲಸ. ಗರಸು, ಬೆಣಚುಕಲ್ಲು ಆರಿಸಬೇಕು. ಕೆಮ್ಮಣ್ಣನ್ನು ಜರಡಿ ಹಿಡಿದು ಹರಡಬೇಕು. ನೀರು ಹೊಡೆದು ಹದಕ್ಕೆ ಬಿಟ್ಟು, ಆಮೇಲೆ ಸುಣ್ಣದ ಪುಡಿಯಲ್ಲಿ ಗೆರೆ ಎಳೆಯಬೇಕು. ನೀರು ಹೆಚ್ಚಾದರೆ ಕಾಲು ಜಾರುತ್ತದೆ, ಕಡಿಮೆಯಾದರೆ ಮೊದಲ ಕ್ಯಾಚಿಗೇ ಮೊಣಕಾಲು ತರಚುತ್ತದೆ. ಇಂಥ ನೆಲದಲ್ಲಿ ಹೆಬ್ಬೆರಳೂರಿ ತಿರುಗುವುದನ್ನು ಕಲಿತ ಹುಡುಗನನ್ನು ಸುತ್ತ ಕೂತ ಹಿರಿಯರು ಮೂರೇ ಮಾತಿನಲ್ಲಿ ಅಳೆಯುತ್ತಿದ್ದರು: ದಮ್ಮು ಎಷ್ಟಿದೆ, ಎದೆಗಾರಿಕೆ ಇದೆಯೇ, ಸಿಕ್ಕಿಬಿದ್ದ ಮೇಲೂ ಗೆರೆ ಮುಟ್ಟುತ್ತಾನೆಯೇ.

ಆ ಕಾಲಕ್ಕೆ ಅದು ಸರಿಯಾದ ಅಳತೆಯೇ. ರೈಡಿಗೆ ಗಡಿಯಾರದ ಕಟ್ಟಿಲ್ಲದೆ ಉಸಿರೇ ಗಡಿಯಾರವಾಗಿದ್ದಾಗ ದಮ್ಮಿಗೆ ಬೆಲೆ ಇತ್ತು. 30 ಸೆಕೆಂಡಿನ ಮಿತಿ ಬಂದ ಮೇಲೆ ಉಸಿರು ಯಾರಿಗೂ ಸಮಸ್ಯೆಯಲ್ಲ. ಆ 30 ಸೆಕೆಂಡಿನಲ್ಲಿ ಏನು ಮಾಡಬೇಕೆಂಬ ಲೆಕ್ಕಾಚಾರವೇ ಸಮಸ್ಯೆ. ಆದರೂ ಹಳ್ಳಿಯ ಪಂದ್ಯದಲ್ಲಿ ಇಂದಿಗೂ ‘ಏನು ದಮ್ಮಪ್ಪಾ ಅವನ್ದು’ ಎಂದೇ ಮೆಚ್ಚುತ್ತಾರೆ.

ಕಬಡ್ಡಿಗೆ ಕಾಗದಪತ್ರ, ಸಂಘಟನೆ ಬಂದದ್ದು ನಿಧಾನವಾಗಿ. 1936ರ ಬರ್ಲಿನ್ ಒಲಿಂಪಿಕ್ಸ್ ವೇಳೆ ಅಮರಾವತಿಯ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಳದವರು ಪ್ರದರ್ಶನ ಕೊಟ್ಟರು. 1950ರಲ್ಲಿ ಅಖಿಲ ಭಾರತ ಫೆಡರೇಷನ್ ಹುಟ್ಟಿತು. ನಮ್ಮ ಪ್ರಶ್ನೆಗೆ ಇವೆರಡಕ್ಕಿಂತ ಮುಖ್ಯವಾದವು ಅನಂತರದ ಮೂರು ವರ್ಷಗಳು. 1961ರಲ್ಲಿ ವಿಶ್ವವಿದ್ಯಾಲಯಗಳ ಕ್ರೀಡಾ ಮಂಡಳಿ, 1962ರಲ್ಲಿ ಶಾಲಾ ಕ್ರೀಡಾ ಫೆಡರೇಷನ್ ಕಬಡ್ಡಿಯನ್ನು ಸೇರಿಸಿಕೊಂಡವು. 1971ರಲ್ಲಿ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಕೋಚ್ ಡಿಪ್ಲೊಮಾದಲ್ಲಿ ಕಬಡ್ಡಿಗೆ ಜಾಗ ಕೊಟ್ಟಿತು. ಹಾಗೆ ಹಳ್ಳಿಯ ಹುಡುಗ ಹೋಬಳಿ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂದು ಮೆಟ್ಟಿಲು ಹತ್ತುವ ದಾರಿ ತೆರೆಯಿತು. ಹೊಸದಾಗಿ ಹುಟ್ಟಿದ ತೀರ್ಪುಗಾರ ಎಂದರೆ ಪಿ.ಟಿ. ಮೇಷ್ಟ್ರು. ಅವರ ಬಳಿ ತಕ್ಕಡಿ ಇತ್ತು. ಕಬಡ್ಡಿಯಲ್ಲಿ ವಯಸ್ಸಿನ ಜೊತೆಗೆ ತೂಕದ ಮಿತಿಯೂ ಇರುವುದರಿಂದ, ಪಂದ್ಯದ ಹಿಂದಿನ ದಿನ ಊಟ ಬಿಟ್ಟು ತೂಕ ಇಳಿಸಿಕೊಂಡು ಬಂದ ಹುಡುಗರನ್ನು ನೋಡದ ಮೇಷ್ಟ್ರು ಈ ಸೀಮೆಯಲ್ಲಿ ಸಿಗಲಿಕ್ಕಿಲ್ಲ. ತೂಕ ಸರಿಹೋಯಿತು ಎಂದರೆ ಆಯ್ಕೆಯೂ ಸರಿಹೋಯಿತು ಎಂಬ ಒಂದು ತಪ್ಪು ನೆಮ್ಮದಿಯೂ ಅಲ್ಲಿಂದಲೇ ಬಂತು.

1990ರ ಬೀಜಿಂಗ್ ಏಷ್ಯನ್ ಕ್ರೀಡಾಕೂಟದಲ್ಲಿ ಕಬಡ್ಡಿಗೆ ಪದಕ ಬಂದಮೇಲೆ ಕೆಲಸ ಕೊಡುವವರು ಹೆಚ್ಚಾದರು. ಕರ್ನಾಟಕದಲ್ಲಿ ವಿಜಯಾ ಬ್ಯಾಂಕ್, ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಮುಂತಾದವುಗಳ ತಂಡಗಳು, ಹೊರಗೆ ರೈಲ್ವೆ, ಸರ್ವಿಸಸ್. ಸೆಲೆಕ್ಟರ್ ನೋಡುತ್ತಿದ್ದುದು ಮುಂದಿನ ವರ್ಷದ ಆಟವನ್ನಲ್ಲ. ಕೆಲಸಕ್ಕೆ ತಗೊಂಡ ಮೇಲೆ ಹತ್ತು ವರ್ಷ ಆಡಬಲ್ಲನೇ ಎಂಬುದನ್ನು. ಆದ್ದರಿಂದ ಅವರು ಆಟದ ಜೊತೆಗೆ ಮೈಕಟ್ಟು, ನಡತೆ, ಗಾಯದ ಚರಿತ್ರೆ ಎಲ್ಲವನ್ನೂ ವಿಚಾರಿಸುತ್ತಿದ್ದರು. ಸಾವಧಾನದ ಈ ಪದ್ಧತಿ ನನಗೆ ಇಂದಿನ ಹರಾಜಿಗಿಂತ ಎಷ್ಟೋ ವಿಷಯದಲ್ಲಿ ಮೇಲೆನಿಸುತ್ತದೆ. ಆದರೆ ಅದು ಯಾರ ಕಣ್ಣಿಗೆ ಯಾರು ಬಿದ್ದರು ಎಂಬುದರ ಮೇಲೆ ನಿಂತಿತ್ತು. ಕರಾವಳಿಯ ಊರೂರಿನ ಪಂದ್ಯಾವಳಿಗಳಿಗೆ ಸೆಲೆಕ್ಟರುಗಳು ಹೋಗುತ್ತಿದ್ದರು. ಕಾರ್ಕಳದ ಸುಕೇಶ್ ಹೆಗ್ಡೆ, ಪುತ್ತೂರು ಕಡೆಯ ಪ್ರಶಾಂತ್ ಕುಮಾರ್ ರೈ ಅಂಥ ವಾತಾವರಣದಿಂದ ಬಂದ ರೈಡರುಗಳು. ಮೊಳಕಾಲ್ಮೂರಿನ ಹುಡುಗ ಕಣ್ಣಿಗೆ ಬೀಳಬೇಕಾದರೆ ತಾನೇ ಬೆಂಗಳೂರಿನ ಬಸ್ಸು ಹತ್ತಬೇಕಿತ್ತು. ಆ ಎರಡು ಬ್ಯಾಂಕುಗಳೂ ಈಗ ಇಲ್ಲ: ಮೈಸೂರು ಬ್ಯಾಂಕು 2017ರಲ್ಲಿ ಸ್ಟೇಟ್ ಬ್ಯಾಂಕಿನಲ್ಲಿ, ವಿಜಯಾ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ ಲೀನವಾದವು.

ಹೆಣ್ಣುಮಕ್ಕಳ ಮಟ್ಟಿಗೆ ಆಟದಿಂದ ಕೆಲಸ ಹಿಡಿಯುವ ಈ ಹಳೆಯ ದಾರಿಯೇ ಇಂದಿಗೂ ಮುಖ್ಯ ದಾರಿ. ಕಾರ್ಕಳ ತಾಲ್ಲೂಕಿನ ಹೆರ್ಮುಂಡೆಯ ಮಮತಾ ಪೂಜಾರಿ ರೈಲ್ವೆ ಸೇರಿ, 2012ರಲ್ಲಿ ಪಟ್ನಾದಲ್ಲಿ ನಡೆದ ಮೊದಲ ಮಹಿಳಾ ವಿಶ್ವಕಪ್ಪಿನಲ್ಲಿ ನಾಯಕಿಯಾಗಿ ಗೆದ್ದು, 2014ರಲ್ಲಿ ಅರ್ಜುನ ಪ್ರಶಸ್ತಿ ಪಡೆದರು. ಇನ್ನೊಬ್ಬ ಆಟಗಾರ್ತಿ ತೇಜಸ್ವಿನಿ ಬಾಯಿ ಅವರಿಗೆ ಅದೇ ಪ್ರಶಸ್ತಿ 2011ರಲ್ಲೇ ಬಂದಿತ್ತು. ಕೋಟಿಗಳ ಹರಾಜು ಇನ್ನೂ ಗಂಡುಮಕ್ಕಳದ್ದೇ.

ಪ್ರೊ ಕಬಡ್ಡಿಯ ಆ ಹರಾಜು ಶುರುವಾದದ್ದು 2014ರಲ್ಲಿ. ಮೊದಲ ವರ್ಷ ಅತಿ ಹೆಚ್ಚು ಬೆಲೆಗೆ ಹೋದವರು ರಾಕೇಶ್ ಕುಮಾರ್, 12.80 ಲಕ್ಷ ರೂಪಾಯಿಗೆ. 2018ರಲ್ಲಿ ಮೋನು ಗೋಯತ್ 1.51 ಕೋಟಿಗೆ, 2023ರಲ್ಲಿ ಪವನ್ ಸೆಹ್ರಾವತ್ 2.60 ಕೋಟಿಗೂ ಮೇಲಕ್ಕೆ ಹೋದರು. ಇಷ್ಟು ದುಡ್ಡು ಓಡಾಡುವಾಗ ಕಣ್ಣಂದಾಜು ಸಾಲದೆ ಲೆಕ್ಕ ಬಂತು. ಟಿ.ವಿ.ಯಲ್ಲಿ ಪ್ರತಿ ರೈಡಿಗೂ ಅಂಕಿ. ಯಶಸ್ವಿ ರೈಡ್ ಶೇಕಡಾ ಎಷ್ಟು, ಖಾಲಿ ರೈಡ್ ಎಷ್ಟು, ಔಟಾದದ್ದು ಎಷ್ಟು. ಎರಡು ರೈಡು ಖಾಲಿ ಹೋದ ಮೇಲೆ ಮೂರನೆಯದರಲ್ಲಿ ಪಾಯಿಂಟು ತರಲೇಬೇಕು, ಇಲ್ಲವೆಂದರೆ ಔಟ್. ಆ ‘ಡು ಆರ್ ಡೈ’ ರೈಡಿನಲ್ಲಿ ಯಾರು ನಿಲ್ಲುತ್ತಾರೆ ಎಂಬುದಕ್ಕೇ ಬೇರೆ ಲೆಕ್ಕ.

ಕಾಲೇಜು ಮಟ್ಟದ ಅಂಕಿ ಏಕೆ ಮೋಸ ಮಾಡುತ್ತದೆ ಎಂಬುದನ್ನು ಇಲ್ಲಿ ಸ್ವಲ್ಪ ಬಿಡಿಸಿ ನೋಡಬೇಕು. ಇಬ್ಬರು ಹುಡುಗರು ಒಂದೊಂದು ಪಂದ್ಯದಲ್ಲಿ ಹತ್ತತ್ತು ಪಾಯಿಂಟು ತಂದರು ಎನ್ನಿ. ಒಬ್ಬ 25 ರೈಡ್ ಮಾಡಿದ್ದಾನೆ, ಇನ್ನೊಬ್ಬ 13. ಮರುದಿನದ ಪತ್ರಿಕೆಯಲ್ಲಿ ಇಬ್ಬರೂ ಸಮ. ಆಟ ಬಲ್ಲವನಿಗೆ ಅಲ್ಲ. ಹಾಗೆಂದು ಎರಡನೆಯವನೇ ಮೇಲೆಂದು ಹೇಳುವಂತೆಯೂ ಇಲ್ಲ. ಮೊದಲನೆಯವನ ತಂಡ ಬಡಕಲು ಇರಬಹುದು, ಬೇರೆ ರೈಡರೇ ಇಲ್ಲದೆ ಎಲ್ಲ ಭಾರ ಅವನ ಮೇಲೆ ಬಿದ್ದಿರಬಹುದು. ಔಟಾದ ರೈಡರ್ ಮತ್ತೆ ಒಳಗೆ ಬರಬೇಕಾದರೆ ಜೊತೆಗಾರರು ಪಾಯಿಂಟು ತರಬೇಕು. ತಂಡ ಸೋಲುತ್ತಿದ್ದರೆ ಎಂಥ ರೈಡರ್ ಆದರೂ ಹೊರಗೆ ಕೂತು ನೋಡಬೇಕಾಗುತ್ತದೆ. ಅಂಕಣದಲ್ಲಿ ಎಷ್ಟು ಹೊತ್ತು ಇದ್ದ ಎಂಬುದು ಗೊತ್ತಿಲ್ಲದೆ ಅವನ ಪಾಯಿಂಟು ಕಟ್ಟಿಕೊಂಡು ಏನು ಮಾಡುವುದು?

ಎದುರಾಳಿಯ ಮಟ್ಟ ಇನ್ನೊಂದು. ಆರು ಅಥವಾ ಏಳು ಜನ ಎದುರಿಗೆ ಇದ್ದಾಗ ಮಾತ್ರ ಬೋನಸ್ ಸಿಗುತ್ತದೆ. ನಡುಗೆರೆಯಿಂದ 4.75 ಮೀಟರ್ ಒಳಗಿನ ಬೋನಸ್ ಗೆರೆ ದಾಟಿ ಹಿಂದಿನ ಕಾಲು ಎತ್ತಿ ಬರುವುದು ತಾಲ್ಲೂಕು ಮಟ್ಟದಲ್ಲಿ ಉದ್ದ ಕಾಲಿನ ಹುಡುಗನಿಗೆ ಸಲೀಸು. ಅಲ್ಲಿ ಮೂಲೆ ಕಾಯುವ ಕಾರ್ನರಿನವನು ಹಿಂದೆ ಹಿಂದೆ ಸರಿಯುತ್ತಾನೆ. ಪ್ರೊ ಮಟ್ಟದ ಕಾರ್ನರ್ ಆ ಕಾಲು ಬರಲೆಂದೇ ಕಾದು ಆ್ಯಂಕಲ್ ಹೋಲ್ಡಿಗೆ ಬೀಳುತ್ತಾನೆ. ಕಾಲೇಜಿನಲ್ಲಿ ಬೋನಸ್ಸಿನಿಂದಲೇ ಹೆಸರು ಮಾಡಿದವರು ಮೇಲೆ ಹೋಗಿ ಮಂಕಾಗುವುದಕ್ಕೆ ಇದೇ ಕಾರಣ. ನಾನು ಆಯ್ಕೆಗೆ ಕೂತಿದ್ದರೆ ಬೋನಸ್ ಪಾಯಿಂಟನ್ನು ಬೇರೆ ಕಾಲಂನಲ್ಲಿ ಬರೆದು, ಟಚ್ ಪಾಯಿಂಟನ್ನು ಮೊದಲು ನೋಡುತ್ತಿದ್ದೆ. ಅದರಲ್ಲೂ ಹೊರಟ ದಾರಿ ಮುಚ್ಚಿದಾಗ ಏನು ಮಾಡುತ್ತಾನೆ, ಎಡಕ್ಕೆ ಮಾತ್ರ ತಿರುಗುತ್ತಾನೆಯೇ, ಎದುರಾಳಿಗಳು ಕೈಗೆ ಕೈ ಹಿಡಿದು ಚೈನು ಕೂಡಿದ್ದು ಕಂಡ ತಕ್ಷಣ ಅದರಡಿ ನುಸುಳುವ ಡುಬ್ಕಿಗೆ ಇಳಿಯುತ್ತಾನೆಯೇ, ಅಥವಾ ಸುಮ್ಮನೆ ವಾಪಸು ಬರುವ ವಿವೇಕವಿದೆಯೇ. ಕೊನೆಯದು ಶೀಟಿನಲ್ಲಿ ಖಾಲಿ ರೈಡ್ ಎಂದು ಬರುತ್ತದೆ, ಆದರೆ ಎಷ್ಟೋ ಸಲ ಅದೇ ಒಳ್ಳೆಯ ರೈಡು.

ಮಣ್ಣಿಂದ ಮ್ಯಾಟಿಗೆ ಹೋಗುವುದೂ ಒಂದು ಪರೀಕ್ಷೆ. ಮಣ್ಣಿನಲ್ಲಿ ಬರಿಗಾಲು ಅಷ್ಟಿಷ್ಟು ಜಾರುತ್ತದೆ. ಮ್ಯಾಟಿನಲ್ಲಿ ಶೂ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ದೇಹ ತಿರುಗುತ್ತದೆ, ಪಾದ ತಿರುಗುವುದಿಲ್ಲ. ಮೊಣಕಾಲಿನ ಲಿಗಮೆಂಟ್ ಹರಿಯುವುದು ಹೀಗೆ. ಮ್ಯಾಟು ಕಾಣದೆ ಡಿಗ್ರಿ ಮುಗಿಸಿದ ಹುಡುಗನ ಬಗ್ಗೆ ಯಾವ ಕೋಚೂ ಖಚಿತವಾಗಿ ಹೇಳಲಾರ.

ದೂರದ ಅಮೆರಿಕದಲ್ಲಿ ಇದೇ ತಲೆನೋವು ನಮಗಿಂತ ಬಹಳ ಮೊದಲೇ ಶುರುವಾಯಿತು. ಅಲ್ಲಿನ ಫುಟ್‌ಬಾಲಿನಲ್ಲಿ ಚೆಂಡನ್ನು ಎದೆಗವಚಿಕೊಂಡು ಎದುರಾಳಿಗಳ ಸಂದಿಯಲ್ಲಿ ನುಗ್ಗುವವನು ರನ್ನಿಂಗ್ ಬ್ಯಾಕ್. ನಮ್ಮ ರೈಡರಿನ ದೂರದ ಅಣ್ಣ ಎನ್ನಿ. ಕಾಲೇಜು ಹುಡುಗರನ್ನು ವೃತ್ತಿಪರ ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಪದ್ಧತಿ ಅಲ್ಲಿ 1936ರಿಂದ ಇದೆ. 1982ರಿಂದ ಹುಡುಗರನ್ನು ಒಂದೆಡೆ ಸೇರಿಸಿ ಓಡಿಸಿ, ಜಿಗಿಸಿ, ತೂಗಿ ನೋಡುವ ಶಿಬಿರಗಳು ಬಂದವು. 40 ಗಜದ ಓಟದ ಸೆಕೆಂಡುಗಳೇ ಹುಡುಗನ ಹಣೆಬರಹ ಎಂಬಂತಾಯಿತು. ಆದರೂ 1995ರಲ್ಲಿ ಏನಾಯಿತು ನೋಡಿ. ಮೊಟ್ಟಮೊದಲ ಆಯ್ಕೆ ಕಿ-ಜಾನಾ ಕಾರ್ಟರ್ ಎಂಬ ರನ್ನಿಂಗ್ ಬ್ಯಾಕ್. ಲೀಗ್ ಶುರುವಾಗುವ ಮೊದಲೇ ಅಭ್ಯಾಸ ಪಂದ್ಯದಲ್ಲಿ ಮೊಣಕಾಲು ಕೆಟ್ಟು, ಆಮೇಲೆ ಮೊದಲಿನಂತಾಗಲೇ ಇಲ್ಲ. ಅದೇ ವರ್ಷ 196ನೆಯವನಾಗಿ ಆಯ್ಕೆಯಾದ ಟೆರೆಲ್ ಡೇವಿಸ್ 1998ರಲ್ಲಿ ಒಂದೇ ಸೀಸನ್ನಿನಲ್ಲಿ 2,008 ಗಜ ಓಡಿದ. ಸ್ಟಾಪ್‌ವಾಚ್ ತಪ್ಪು ಹೇಳಿರಲಿಲ್ಲ, ಅದಕ್ಕೆ ಕೇಳಿದ ಪ್ರಶ್ನೆಯೇ ಸಣ್ಣದಿತ್ತು.

ನಮ್ಮಲ್ಲೂ ಇಂಥವು ಕಡಿಮೆ ಇಲ್ಲ. 2017ರಲ್ಲಿ ಒಂದೇ ಸೀಸನ್ನಿಗೆ 369 ರೈಡ್ ಪಾಯಿಂಟ್ ತಂದ ಪರ್ದೀಪ್ ನರ್ವಾಲ್ 2021ರಲ್ಲಿ 1.65 ಕೋಟಿಗೆ ಹೋಗಿ, 2024ರಲ್ಲಿ 70 ಲಕ್ಷಕ್ಕೆ ಬೆಂಗಳೂರು ಬುಲ್ಸ್‌ಗೆ ಬಂದು, 2025ರಲ್ಲಿ ಕೊಳ್ಳುವವರಿಲ್ಲದೆ ನಿವೃತ್ತರಾದರು. ಅತ್ತ ಜೈಪುರ ತಂಡದಲ್ಲಿ ಹೆಚ್ಚಿನ ಅವಕಾಶ ಸಿಗದಿದ್ದ ದೇವಾಂಕ್ ದಲಾಲ್ ಪಟ್ನಾಕ್ಕೆ ಬಂದು ಒಂದೇ ಸೀಸನ್ನಿನಲ್ಲಿ 300 ಪಾಯಿಂಟು ದಾಟಿದರು. ಬೆಂಚಿನ ಮೇಲೆ ಕೂತಿದ್ದಾಗ ಅವರ ಅಂಕಿ ನೋಡಿದವನಿಗೆ ಏನು ತಿಳಿಯುತ್ತಿತ್ತು?

ಈ ಮಧ್ಯೆ ಹೊಸ ಹುಡುಗರನ್ನು ಬೆಳೆಸಿ ಗೆಲ್ಲಬಹುದು ಎಂದು ತೋರಿಸಿದವರು ನಮ್ಮವರೇ ಆದ ಬಿ.ಸಿ. ರಮೇಶ್. 2001ರ ಅರ್ಜುನ ಪ್ರಶಸ್ತಿ ವಿಜೇತರು. ಕೋಚ್ ಆಗಿ 2019ರಲ್ಲಿ ಬೆಂಗಾಲ್ ವಾರಿಯರ್ಸ್‌ಗೆ, 2024ರ ಮಾರ್ಚ್‌ನಲ್ಲಿ ಪುಣೇರಿ ಪಲ್ಟನ್‌ಗೆ ಕಪ್ಪು ತಂದುಕೊಟ್ಟರು. ಪುಣೆಯದು ಹೆಚ್ಚಾಗಿ ಎಳೆಯರ ತಂಡ. ಅಸ್ಲಂ ಇನಾಮ್ದಾರ್, ಮೋಹಿತ್ ಗೋಯತ್ ಮುಂತಾದವರನ್ನು ತಂಡವೇ ಹಲವು ಸೀಸನ್ ಇಟ್ಟುಕೊಂಡು ತಿದ್ದಿತ್ತು. ಹರಾಜಿನಲ್ಲಿ ಕೈ ಎತ್ತುವುದಕ್ಕಿಂತ ಇದು ಹಳೆಯ ಬ್ಯಾಂಕ್ ಸೆಲೆಕ್ಟರುಗಳ ಸಾವಧಾನಕ್ಕೆ ಹತ್ತಿರ.

ಕಾಲೇಜಿನಿಂದ ನೇರ ದಾರಿಯೂ ಈಗ ಇದೆ. 2022ರ ಏಪ್ರಿಲ್–ಮೇನಲ್ಲಿ ಬೆಂಗಳೂರಿನ ಜೈನ್ ವಿಶ್ವವಿದ್ಯಾಲಯದ ಆತಿಥ್ಯದಲ್ಲಿ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕೂಟ ನಡೆಯಿತಲ್ಲ, ಅದರ ಕಬಡ್ಡಿ ಫೈನಲ್ ಆಡಿದ ಎರಡು ತಂಡಗಳ 24 ಆಟಗಾರರನ್ನು ಅದೇ ಆಗಸ್ಟಿನ ಪ್ರೊ ಕಬಡ್ಡಿ ಹರಾಜಿನ ಪಟ್ಟಿಗೆ ಸೇರಿಸಿದರು. ಒಳ್ಳೆಯದೇ. ಆದರೆ ಫೈನಲ್ ತಲುಪುವುದು ತಂಡ, ಹುಡುಗನಲ್ಲ. ಚಿತ್ರದುರ್ಗ ಜಿಲ್ಲೆಯ ಕಾಲೇಜುಗಳು ಮೊದಲು ಕುವೆಂಪು ವಿಶ್ವವಿದ್ಯಾಲಯದಲ್ಲಿದ್ದವು, 2009ರಿಂದ ದಾವಣಗೆರೆಯಲ್ಲಿವೆ. ಇಲ್ಲಿನ ಒಬ್ಬ ಅಪ್ಪಟ ರೈಡರಿಗೆ ಒಳ್ಳೆಯ ಕಾರ್ನರ್ ಜೋಡಿ ಸಿಗದಿದ್ದರೆ ತಂಡ ದಕ್ಷಿಣ ವಲಯ ಪಂದ್ಯದಲ್ಲೇ ಸೋತು ಬರುತ್ತದೆ, ಅವನ ಹೆಸರೂ ಅಲ್ಲಿಗೇ ನಿಲ್ಲುತ್ತದೆ.

ಅವನ ಪರವಾಗಿ ಹೇಳಲು ಉಳಿಯುವುದು ಸ್ಕೋರ್ ಶೀಟು. ಅದನ್ನೊಮ್ಮೆ ಕೈಗೆತ್ತಿಕೊಂಡು ನೋಡಿ. ಎರಡೂ ತಂಡಕ್ಕೆ ಸಾಲಾಗಿ ಅಚ್ಚಾದ ಸಂಖ್ಯೆಗಳು. ಪಾಯಿಂಟು ಬಂದಂತೆಲ್ಲ ಸಂಖ್ಯೆಯ ಮೇಲೊಂದು ಓರೆಗೆರೆ, ಬೋನಸ್ಸಿಗೆ ತ್ರಿಕೋನ, ಎದುರಾಳಿ ತಂಡ ಪೂರ್ತಿ ಔಟಾದಾಗ ಸಿಗುವ ಲೋನಾಕ್ಕೆ ಸುತ್ತು. ಯಾರು ಗೆದ್ದರೆಂದು ತಿಳಿಯಲು ಇಷ್ಟು ಸಾಕು. ಅದು ತಂಡದ ಲೆಕ್ಕ, ಹುಡುಗನ ಲೆಕ್ಕವಲ್ಲ. 7ನೇ ನಂಬರಿನವನು ಎಷ್ಟು ಸಲ ಹೋಗಿ ಎಷ್ಟು ಸಲ ಬರಿಗೈಲಿ ಬಂದ, ಮೂರನೇ ರೈಡಿಗೆ ಅವನನ್ನೇ ಕಳಿಸಿದರೇ, ಸಿಕ್ಕಿಬಿದ್ದದ್ದು ಎಡ ಕಾರ್ನರಿಗೋ ಬಲ ಕವರಿಗೋ ಎಂಬುದು ಅದರಲ್ಲಿ ಎಲ್ಲೂ ಇಲ್ಲ. ಬಹುಮಾನ ವಿತರಣೆ ಮುಗಿದು ಶಾಮಿಯಾನ ಬಿಚ್ಚುವ ಹೊತ್ತಿಗೆ ಆ ಶೀಟೂ ಎಲ್ಲೋ ಹೋಗಿರುತ್ತದೆ.

ಇದನ್ನು ಸರಿಪಡಿಸಲು ಕೋಟಿ ಬೇಡ. ಪ್ರತಿ ಕಾಲೇಜು ಪಂದ್ಯಕ್ಕೂ ಆಡದೆ ಕೂತ ಒಬ್ಬ ಹುಡುಗನ ಕೈಗೆ ಒಂದು ನೋಟ್‌ಬುಕ್ಕು ಕೊಡಬೇಕು: ರೈಡರಿನ ನಂಬರು, ಎದುರಿಗೆ ಎಷ್ಟು ಜನ, ಎಷ್ಟನೇ ರೈಡು, ಟಚ್ಚೋ ಬೋನಸ್ಸೋ ಖಾಲಿಯೋ ಔಟೋ, ಹಿಡಿದವನು ಯಾವ ಜಾಗದವನು. ಒಂದು ರೈಡಿಗೆ ಒಂದು ಸಾಲು. ಅಂಕಣದ ಹಿಂಬದಿಯ ಮೂಲೆಯಲ್ಲಿ ಎತ್ತರಕ್ಕೆ ಒಂದು ಮೊಬೈಲ್ ಕಟ್ಟಿದರೆ ಇಡೀ ಪಂದ್ಯ ಸಿಗುತ್ತದೆ. ಈಗ ಹುಡುಗರು ಕಳಿಸುವ ವಿಡಿಯೊಗಳಲ್ಲಿ ಗೆದ್ದ ರೈಡುಗಳಷ್ಟೇ ಹಾಡಿನೊಂದಿಗೆ ಇರುತ್ತವೆ, ಅವನ್ನು ನೋಡಿ ಯಾವ ಕೋಚೂ ತೀರ್ಮಾನ ಮಾಡುವುದಿಲ್ಲ. ಒಂದು ವರ್ಷದ ಅಂತರ ಕಾಲೇಜು ಪಂದ್ಯಗಳು, ಎರಡು ಮೂರು ಹೊನಲು ಬೆಳಕಿನ ಪಂದ್ಯಾವಳಿ, ಗಡಿಯಾಚೆ ರಾಯದುರ್ಗದ ಕಡೆಯ ತಂಡ ಬಂದಾಗಿನ ಆಟ, ಇಷ್ಟು ಸೇರಿಸಿದರೆ ಒಬ್ಬ ರೈಡರಿನ ಮುನ್ನೂರು ನಾನೂರು ರೈಡುಗಳ ಲೆಕ್ಕ ಕೈಗೆ ಬರುತ್ತದೆ. ಸೆಲೆಕ್ಷನ್ ಟ್ರಯಲ್ಸಿನಲ್ಲಿ ಹುಡುಗನಿಗೆ ಸಿಗುವುದು ನಾಲ್ಕೋ ಐದೋ ರೈಡು.